ಧಾರೆ ಸೀರೆಯ ಕೊನೆಯ ಐದು ಮೊಳ

ಐದನೆಯ ವಯಸ್ಸಿನಲ್ಲಿ ಬನಶಂಕರಮ್ಮನ ಎಡಗೈಯನ್ನು ಅವಳ ತಾಯಿ ರಾಮಕ್ಕ ಹಳೆಯ ಸೀರೆಯ ಚೂರಿನಿಂದ ಸೊಂಟಕ್ಕೆ ಕಟ್ಟಿದ್ದಳು. ಕಲ್ಯಾಣದುರ್ಗದ ನೇಕಾರರ ಕೇರಿಯಲ್ಲಿ ಇದನ್ನು ಯಾರೂ ಕ್ರೌರ್ಯ ಎನ್ನಲಿಲ್ಲ. ಎಡಚಿ ಹುಡುಗಿಯನ್ನು ತಿದ್ದುವ ರೀತಿಯೇ ಅದು. ವರ್ಷ ತುಂಬುವುದರೊಳಗೆ ಕಟ್ಟು ಬಿಚ್ಚಿದರು. ಎಡಗೈ ಮುಟ್ಟಿದ್ದು ಕೆಡುತ್ತದೆ ಎಂಬ ಮಾತನ್ನು ಮಾತ್ರ ಯಾರೂ ಬಿಚ್ಚಲಿಲ್ಲ. ಅದು ಅವಳ ಜೊತೆಗೇ ಬೆಳೆಯಿತು, ಮದುವೆಯಾಗಿ ಹಿಂದೂಪುರಕ್ಕೂ ಬಂತು.

ಗಂಡ ಸೀತಾರಾಮಪ್ಪ ರೇಷ್ಮೆ ಸೀರೆ ನೇಯುವವನು. ನಡುಮನೆಯ ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ಅವನು ನೇಯುತ್ತಿದ್ದ. ಗೋಡೆಯ ಪಕ್ಕ ಕೂತು ಇವಳು ರಾಟೆ ತಿರುಗಿಸಿ, ಲಾಳಿಯೊಳಗೆ ಕೂರುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಆರು ವರ್ಷ ಹೀಗೆಯೇ ಕಳೆಯಿತು. ಮಗ್ಗ ಮುಟ್ಟು ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೂ ಅವಳು ಮುಟ್ಟುತ್ತಿರಲಿಲ್ಲ.

ಆದರೆ ಮಧ್ಯಾಹ್ನದ ಜೊಂಪಿನಲ್ಲಿ, ಹೆಂಚಿನ ಸಂದಿಯ ಬಿಸಿಲು ನೂಲಿನ ಮೇಲೆ ಇಳಿಯುವ ಹೊತ್ತಿಗೆ, ಅವಳಿಗೆ ಒಂದೇ ಕನಸು ಬೀಳುತ್ತಿತ್ತು. ಮಗ್ಗದ ಉದ್ದಕ್ಕೆ ಬಿಗಿದ ಹಾಸುನೂಲು ಕೆರೆಯ ನೀರಿನ ಹಾಗೆ ಅಲುಗುತ್ತಿದೆ. ತಾನು ಮೆಟ್ಟಿಲಿಳಿದು ಸೊಂಟದವರೆಗೆ ಅದರಲ್ಲಿ ನಿಂತಿದ್ದೇನೆ. ಎದುರು ದಡ ಕಾಣುವುದಿಲ್ಲ, ಹಳದಿ ನೂಲು ದಿಗಂತದವರೆಗೂ ಹೋಗಿದೆ. ಕೈ ಚಾಚುವಷ್ಟರಲ್ಲಿ ಎಚ್ಚರವಾಗುತ್ತಿತ್ತು. ರಾಟೆ ತಿರುಗುತ್ತಲೇ ಇರುತ್ತಿತ್ತು, ಎಳೆ ಒಂದೂ ಕಡಿದಿರುತ್ತಿರಲಿಲ್ಲ.

ಎಪ್ಪತ್ತೆಂಟರ ಮಾಘದಲ್ಲಿ ಸೀತಾರಾಮಪ್ಪ ಗೋಡೆಗೆ ಸುಣ್ಣ ಬಳಿಯಲು ಏಣಿ ಹತ್ತಿ ಬಿದ್ದ. ಬಲಗೈಗೆ ಆರು ವಾರದ ಕಟ್ಟು ಬಿತ್ತು. ಮಗ್ಗದ ಮೇಲೆ ಅರಿಶಿನದ ಒಡಲು, ಕುಂಕುಮದ ಅಂಚಿನ ಸೀರೆ ಏಳು ಮೊಳ ಆಗಿತ್ತು, ಐದು ಮೊಳ ಉಳಿದಿತ್ತು. ಅದು ಬನಶಂಕರಮ್ಮನ ತಂಗಿಯ ಧಾರೆ ಸೀರೆ. ಮದುವೆಗೆ ಇಪ್ಪತ್ತೆರಡೇ ದಿನ. ಅವರ ಮನೆತನದಲ್ಲಿ ಧಾರೆ ಸೀರೆ ಹಿರಿಯ ಅಳಿಯನ ಮಗ್ಗದಿಂದಲೇ ಬರಬೇಕು. ಶುರುವಾದದ್ದನ್ನು ನಡುವೆ ಕತ್ತರಿಸಿ ಇಳಿಸಿದರೆ ಹುಡುಗಿಯ ಬಾಳು ಅರ್ಧಕ್ಕೆ ನಿಲ್ಲುತ್ತದೆಂದು ಅಂಜುತ್ತಿದ್ದರು. ಅಂಜಿಕೆಗೆ ಆಧಾರ ಬೇಕಿಲ್ಲ.

ಪಕ್ಕದ ಮನೆಯ ಗಿರಿಯಪ್ಪ ಉಪಕಾರಕ್ಕೆಂದು ಬಂದು ಕುಣಿಗಿಳಿದ. ಒಳ್ಳೆಯ ನೇಕಾರ. ಆದರೆ ನೂಲು ಒತ್ತಲು ಹಲಗೆ ಬಡಿಯುವ ಏಟಿನ ತೂಕ ಒಬ್ಬೊಬ್ಬರದು ಒಂದೊಂದು. ಒಲೆಯ ಮುಂದಿದ್ದ ಬನಶಂಕರಮ್ಮ ಹತ್ತು ಏಟು ಕೇಳಿ ಹೊರಗೆ ಬಂದಳು.

"ಏಟು ಬಿಗಿ ಆಯ್ತು ಕಣಣ್ಣ. ಅಂಚು ಸುಕ್ಕು ಬೀಳ್ತೈತೆ."

ಗಿರಿಯಪ್ಪ ಬಗ್ಗಿ ನೋಡಿದ. ಅಂಚು ನಿಜವಾಗಿಯೂ ಸುಕ್ಕಾಗಿತ್ತು. ಅವನಿಗೆ ಸಿಟ್ಟು ಬಂತು.

"ಮೂವತ್ತು ವರ್ಷದಿಂದ ನೇಯ್ತಾ ಇವ್ನಿ, ಕಂಡಿಕೆ ಸುತ್ತೋರ ಹತ್ರ ಪಾಠ ಕಲೀಬೇಕಾ? ಕಿವಿ ಅಷ್ಟು ಚುರುಕಿದ್ರೆ ನೀನೇ ಕುಂತ್ಕಳಮ್ಮ!" ಎಂದು ಟವೆಲ್ಲು ಕೊಡವಿ ಹೊರಟುಹೋದ.

ಸೀತಾರಾಮಪ್ಪ ಜಗಲಿಯಿಂದ, "ಸರಿಯಾಗೇ ಅಂದ. ಕುಂತ್ಕ" ಎಂದ.

"ನನ್ನ ಕೈ ನಿಮಗೆ ಗೊತ್ತಿಲ್ವಾ? ತಂಗಿ ಸೀರೆ ಅದು. ಕೆಟ್ಟೋದ್ರೆ?"

"ಕೆಟ್ರೆ ಬಿಚ್ಚೋದು. ಕುಂತ್ಕೊಳ್ದೆ ಇದ್ರೆ ಹೆಂಗೂ ಕೆಟ್ಟಂಗೇ."

ಅವಳು ಇಳಿದಳು. ಕುಣಿಯ ಮಣ್ಣು ತಣ್ಣಗಿತ್ತು. ಎದೆಯ ಮಟ್ಟಕ್ಕೆ ಹಳದಿ ನೂಲು ಹರಡಿಕೊಂಡು ಉಸಿರಾಡಿದಂತೆ ಏರಿ ಇಳಿಯಿತು. ಇದು ಎಚ್ಚರವೋ ಜೊಂಪೋ ಎಂದು ಒಂದು ಗಳಿಗೆ ಅವಳಿಗೆ ತಿಳಿಯಲಿಲ್ಲ.

ತಿಳಿಯಲು ತಡವಾಗಲಿಲ್ಲ. ಆ ಮಗ್ಗದಲ್ಲಿ ಲಾಳಿಯನ್ನು ಒಂದು ಕೈಯಿಂದ ಎಸೆದು ಇನ್ನೊಂದರಿಂದ ಹಿಡಿಯಬೇಕು. ಬನಶಂಕರಮ್ಮ ಶುಭಕಾರ್ಯದ ಸೀರೆಗೆ ಎಡಗೈ ತಾಗಿಸಬಾರದೆಂದು ಅದನ್ನು ಮಡಿಲಲ್ಲಿಟ್ಟು, ಬಲಗೈಯಿಂದಲೇ ಎಸೆದು, ಅದೇ ಕೈಯನ್ನು ಆ ಬದಿಗೆ ಚಾಚಿ ಹಿಡಿಯಹೊರಟಳು. ಲಾಳಿ ನೆಲಕ್ಕೆ ಬಿತ್ತು. ಎರಡು ದಿನದಲ್ಲಿ ಹದಿನೇಳು ಎಳೆ ಕಡಿದವು. ಕಡಿದದ್ದನ್ನು ಹೊಸೆದು ಕೂಡಿಸುತ್ತ, ಗೊತ್ತೇ ಇತ್ತು, ಗೊತ್ತೇ ಇತ್ತು ಎಂದು ತನ್ನೊಳಗೇ ಹೇಳಿಕೊಂಡಳು.

ಮೂರನೆಯ ದಿನ ಸೀತಾರಾಮಪ್ಪ ಒಳಗೆ ಬಂದು ನೋಡಿ ನಗುವುದೋ ಬೈಯುವುದೋ ತಿಳಿಯದೆ ನಿಂತ.

"ಆ ಕೈ ಯಾಕೆ ಮಡಿಲಲ್ಲಿ ಮಲಗಿಸಿದ್ದೀಯೆ? ಲಾಳಿಗೆ ಎರಡು ಮನೆ ಕಣೇ. ಇಲ್ಲಿಂದ ಹೊಂಟದ್ದು ಅಲ್ಲಿಗೆ ಹೋಗ್ಬೇಕು. ಅಲ್ಲಿ ಬಾಗಿಲು ಹಾಕ್ಕೊಂಡ್ರೆ ಅದೇನು ಮಾಡ್ತೈತೆ, ಬೀದಿಗೆ ಬೀಳ್ತೈತೆ."

"ಎಡಗೈ..."

"ಆರು ವರ್ಷದಿಂದ ಕಂಡಿಕೆಗೆ ನೂಲು ಬಿಟ್ಟಿದ್ದು ಯಾವ ಕೈ?"

ಬನಶಂಕರಮ್ಮ ಮಡಿಲಲ್ಲಿದ್ದ ಕೈಯತ್ತ ಬಗ್ಗಿದಳು. ರಾಟೆಯ ಹಿಡಿ ತಿರುಗಿಸಿದ್ದು ಬಲಗೈ. ನೂಲನ್ನು ಬೆರಳ ಸಂದಿಯಲ್ಲಿ ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ ನಡೆಸಿದ್ದು ಎಡಗೈ. ಅದು ಅವಳ ಕಣ್ಣೆದುರಿಗೇ ನಡೆದಿತ್ತು, ಅವಳು ನೋಡಿರಲಿಲ್ಲ. ಮನುಷ್ಯರು ಕೇಳಿದ್ದನ್ನು ನಂಬುವಷ್ಟು ಸುಲಭವಾಗಿ ಕಂಡದ್ದನ್ನು ನಂಬುವುದಿಲ್ಲ.

ಎಡಗೈ ಮಡಿಲಿನಿಂದ ಎದ್ದಿತು. ಲಾಳಿ ಅದರೊಳಗೆ ಬಂದು ಕೂತಿತು. ಏಟು ಬಿತ್ತು. ತೂಕ ಎಷ್ಟಿರಬೇಕೆಂದು ಅವಳು ಲೆಕ್ಕ ಹಾಕಲಿಲ್ಲ; ಗಂಡನ ಏಟಿನ ಸದ್ದು ಕಿವಿಯಲ್ಲಿತ್ತು, ಆ ಸದ್ದಿಗೆ ಕೈ ಹೊಂದಿಸಿದಳು. ಹಗಲುಗಳು ಒಂದರೊಳಗೊಂದು ಕರಗಿದವು. ಬೀದಿಯಲ್ಲಿ ತೆಲುಗಿನಲ್ಲಿ ಜಗಳ, ಹುಣಿಸೆಹಣ್ಣು ಮಾರುವವಳ ಕೂಗು, ಎಲ್ಲವೂ ನೀರಿನ ಮೇಲಿನಿಂದ ಬಂದಂತೆ ಬರುತ್ತಿತ್ತು. ಬಟ್ಟೆ ಮಾತ್ರ ಬೆರಳಿನಷ್ಟು ಬೆರಳಿನಷ್ಟೇ ಬೆಳೆಯಿತು.

ಮದುವೆಗೆ ಎರಡು ದಿನ ಮುಂಚೆ ಸೀರೆ ಇಳಿಯಿತು. ಕಲ್ಯಾಣದುರ್ಗದ ಮನೆಯ ಜಗಲಿಯಲ್ಲಿ ರಾಮಕ್ಕ ಅದನ್ನು ಬಿಸಿಲಿಗೆ ಹಿಡಿದು, ಹೆಬ್ಬೆರಳಿನಿಂದ ಉದ್ದಕ್ಕೂ ಸವರುತ್ತ ಹೋದಳು. ಏಳು ಮೊಳ ದಾಟಿದ ಕಡೆ ಬೆರಳು ನಿಂತಿತು. ಸುಮ್ಮನೆ ನೋಡಿದರೆ ಕಾಣದು; ನೇಕಾರರ ಮನೆಯಲ್ಲಿ ಹುಟ್ಟಿ ಮುದುಕಿಯಾದವಳ ಬೆರಳಿಗೆ ಸಿಕ್ಕಿತು.

"ಇಲ್ಲಿಂದ ಕೈ ಬೇರೆ. ಯಾರ್ದು?"

ಬನಶಂಕರಮ್ಮ ಗಂಡನ ಮುಖ ನೋಡಬಹುದಿತ್ತು, ಗಿರಿಯಪ್ಪನ ಹೆಸರು ಹೇಳಬಹುದಿತ್ತು.

"ನಂದು."

"ಯಾವ ಕೈ?"

"ಎರಡೂ ಕಣಮ್ಮ. ಒಂದೇ ಕೈಯಾಗೆ ನೇಯಾಕೆ ಆಗಲ್ಲ, ನೋಡ್ದೆ."

ರಾಮಕ್ಕ ಉಳಿದ ಐದು ಮೊಳವನ್ನೂ ಕೊನೆಯವರೆಗೆ ಸವರಿದಳು. "ಪರವಾಲೇದು. ಗಟ್ಟಿ ಐತೆ" ಎಂದು ಮಡಿಸಿ, ಅಡಿಗೆಯವನು ಬಂದನೇ ಎಂದು ಕೇಳಲು ಒಳಗೆ ಹೋದಳು. ಕ್ಷಮೆ ಗಿಮೆ ಆ ಮನೆಯ ಪದ್ಧತಿಯಲ್ಲ.

ವಾಪಸು ಬರುವಾಗ, ಬಸ್ಸು ರೊದ್ದಂ ದಾಟಿದ ಮೇಲೆ ಬನಶಂಕರಮ್ಮ ಕೇಳಿದಳು: "ನಡುಮನೆಯಾಗೆ ಇನ್ನೊಂದು ಕುಣಿಗೆ ಜಾಗ ಆಗ್ತೈತಾ?"

"ಅಲ್ಲಿ ರಾಟೆ ಐತಲ್ಲೇ."

"ರಾಟೆ ಪಕ್ಕಕ್ಕೆ ಹೋಯ್ತೈತೆ."

"ಕಂಡಿಕೆ ಯಾರು ಸುತ್ತಾರೆ?"

"ಕಟ್ಟು ಬಿಚ್ಚಿದ ಮ್ಯಾಲೆ ಕೈಗೆ ಬಲ ಬರೋಗಂಟ ನೀವು ಸುತ್ರಿ. ಆಮ್ಯಾಕೆ ನೋಡಾನ."

ಸೀತಾರಾಮಪ್ಪ ಕಿಟಕಿಯಾಚೆ ಕಡಲೆಕಾಯಿ ಕಿತ್ತ ಖಾಲಿ ಹೊಲ ನೋಡಿದ. ಆಮೇಲೆ, "ಸೋಮವಾರ ಮಣ್ಣಿನೋರಿಗೆ ಹೇಳ್ತೀನಿ" ಎಂದ.

ಮಗ್ಗದ ಕುಣಿಗೆ ಊರೆಲ್ಲ ಒಪ್ಪುವ ಅಳತೆಯೆಂಬುದಿಲ್ಲ. ನೇಯುವವರ ಕಾಲಿನಷ್ಟು ಆಳ. ಸೋಮವಾರ ನೆಲ ಅಗೆಯುವವನು ಮೊಣಕಾಲಿನವರೆಗೆ ತೋಡಿ, "ಎಷ್ಟು ಬೇಕು ಸಾಮಿ?" ಎಂದು ಗಂಡಸನ್ನು ಕೇಳಿದ. ಬನಶಂಕರಮ್ಮ ಸೆರಗು ಸಿಕ್ಕಿಸಿಕೊಂಡು ಹಸಿ ಕೆಮ್ಮಣ್ಣಿನೊಳಗೆ ಇಳಿದಳು, ಅಂಚಿನ ಮೇಲೆ ಕೂತು ಪಾದ ಕೆಳಗೆ ಚಾಚಿದಳು.

"ಇನ್ನೊಂದು ಗೇಣು ತೋಡಪ್ಪ" ಎಂದಳು.