ಕೂಸಪ್ಪನ ಎಡೆಗೆ ಬ್ರಾಂದಿ

ಸಂಪಾಜೆಯ ನನ್ನ ದೊಡ್ಡಮ್ಮ ಬೊಳ್ಳಮ್ಮನಿಗೆ ತಲೆ ಕೆಟ್ಟಿದೆ ಎಂದು ಅವರ ನೆಂಟರೇ ಹೇಳಿಕೊಂಡು ತಿರುಗುತ್ತಾರೆ. ಕೆಟ್ಟಿರುವುದು ಯಾರ ತಲೆ ಎಂದು ನೀವೇ ಹೇಳಿ.

ದೊಡ್ಡಮ್ಮ ಹಳೇ ಮಾಸಪತ್ರಿಕೆಗಳನ್ನು ಕೂಡಿಡುತ್ತಾರೆ. ಸಿಕ್ಕಿದ್ದನ್ನೆಲ್ಲ ಅಲ್ಲ. ಜನರಿಗೆ ಕುಡಿತ ಬಿಡಿಸಲು ಹೊರಟ ಭಜನಾ ಮಂಡಳಿಗಳು, ಮಠಗಳು, ಪಾದ್ರಿಗಳು ಒಂದು ಕಾಲದಲ್ಲಿ ಅಚ್ಚು ಹಾಕಿಸುತ್ತಿದ್ದವನ್ನು ಮಾತ್ರ. ಸುಳ್ಯದ ಗುಜರಿ ಅಂಗಡಿಯವರು ಇವರನ್ನು ಕಂಡರೆ ತಾವೇ ಕಟ್ಟು ಬಿಚ್ಚಿ ಮುಂದಿಡುತ್ತಾರೆ. ಗೆದ್ದಲು ಹಿಡಿಯಬಾರದೆಂದು ತಗಡಿನ ಪೆಟ್ಟಿಗೆಯಲ್ಲಿ ಬೇವಿನ ಸೊಪ್ಪು ಹಾಕಿ ಇಟ್ಟಿದ್ದಾರೆ. ಎಲ್ಲವನ್ನೂ ಓದಿದ್ದಾರೆ. "ಒಬ್ಬರು ಏಸು ಹೇಳುವೆ, ಒಬ್ಬರು ರಾಮ ಹೇಳುವೆ. ಬಿಡುಸಿದ್ದ್ ಪಕ್ಕಲಿ ಬಂದ್ ಕೂತ ಮನ್ಸ," ಎನ್ನುತ್ತಾರೆ. ಯಾವ ದೇವರ ಹೆಸರು ಹೇಳಿದರೂ ಕುಡಿತ ಬಿಡಿಸುವುದು ಪಕ್ಕದಲ್ಲಿ ಬಂದು ಕೂತ ಮನುಷ್ಯನೇ ಎಂದು ಅವರ ಲೆಕ್ಕ.

ಇದು ಶುರುವಾದದ್ದು ದೊಡ್ಡಪ್ಪ ಕೂಸಪ್ಪನಿಂದ. ಅವರು ಒಂದು ಭಜನಾ ಮಂಡಳಿಯ ಶಿಬಿರಕ್ಕೆ ಹೋಗಿ, ನಡುಗುವ ಕೈಯಲ್ಲೇ ತಾಳ ಹಾಕಿ, ಕುಡಿತ ಬಿಟ್ಟು ಬಂದರು. ಮಂಡಳಿಯ ಪತ್ರಿಕೆಯಲ್ಲಿ ಹೆಸರು, ಮನೆತನ ಸಮೇತ ತಮ್ಮ ಕತೆ ಹಾಕಿಸಿದರು. ಊರಿಡೀ ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕದ್ದು ಅವರ ಸ್ವಂತ ತಮ್ಮ ಮಂಜೇಶ. ಮದುವೆ ಮನೆಗಳಲ್ಲಿ ಗ್ಲಾಸು ಹಿಡಿದು ಅಣ್ಣನ ಬೆನ್ನು ಹತ್ತುತ್ತಿದ್ದ: "ಒಂದೇ ಪೆಗ್ ಅಣ್ಣ, ದೇವ್ರು ನೋಡ್ತಾ ಇಲ್ಲೆ." ದೊಡ್ಡಪ್ಪ ಸಾಯುವವರೆಗೂ ಮುಟ್ಟಲಿಲ್ಲ.

ಅಂಥವರ ಎಲೆಯ ಪಕ್ಕ, ಅವರು ತೀರಿಕೊಂಡ ವರ್ಷ ಹಿರಿಯರಿಗೆ ಎಡೆ ಇಡುವ ದಿನ, ಈ ಮಂಜೇಶ ಬ್ರಾಂದಿ ತಂದಿಟ್ಟ. ಸತ್ತವರಿಗೆ ಇಷ್ಟವಾದದ್ದನ್ನು ಬಡಿಸುವುದು ನಮ್ಮಲ್ಲಿ ಪದ್ಧತಿ, ಒಪ್ಪಿದೆ. ಇಷ್ಟವಂತೆ ಇಷ್ಟ! ಬದುಕಿದ್ದಾಗ ಬೀಳಿಸಲು ಆಗದವರನ್ನು ಸತ್ತ ಮೇಲೆ ಕುಡುಕರನ್ನಾಗಿ ಮಾಡುವ ಇವನ ಬುದ್ಧಿಗೆ ಬೆಂಕಿ ಬೀಳಲಿ.

ದೊಡ್ಡಮ್ಮ ಪೆಟ್ಟಿಗೆಯಿಂದ ದೊಡ್ಡಪ್ಪ ಕುಡಿತ ಬಿಟ್ಟ ಕತೆ ಅಚ್ಚಾದ ಆ ಪತ್ರಿಕೆ ತಂದು ಅವನ ಮುಂದೆ ಹಿಡಿದರು. "ಇವು ಕುಡಿಯುದರ ಬುಟ್ಟಿದ್ದೊ. ಓದಿ ನೋಡ್."

"ಹಳೇ ರದ್ದಿ ಯಾರಿಗೆ ಬೇಕತ್ತಿಗೆ? ಸತ್ತವಕೆ ಎಂಥ ವ್ರತ!" ಎಂದು ಮಂಜೇಶ ಹಲ್ಲು ಕಿರಿದ. ನೆರೆದಿದ್ದ ನೆಂಟರಲ್ಲಿ ಒಬ್ಬರಾದರೂ ಅವನ ಬಾಯಿ ಮುಚ್ಚಿಸಬೇಕಿತ್ತು.

ಹಿರಿಯರು ಉಣ್ಣಲೆಂದು ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಂತೆವು. ಮತ್ತೆ ಒಳಗೆ ಹೋದಾಗ ಮಂಜೇಶ ಆ ಗ್ಲಾಸನ್ನು ಎತ್ತಿ ತೇಜಸ್‌ನ ಕೈಗೆ ಕೊಟ್ಟ. ತೇಜಸ್ ದೊಡ್ಡಮ್ಮನ ಒಬ್ಬನೇ ಮಗ. ಪಿಕಪ್ ಓಡಿಸುತ್ತಾನೆ. ಅಪ್ಪ ಹೋದ ಮೇಲೆ ಅವನ ಬಾಯಿಂದ ಬ್ರಾಂದಿ ವಾಸನೆ ಬರುತ್ತಿದ್ದದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಮಂಜೇಶನಿಗೂ.

"ಕುಡಿ ಮಗ, ಅಪ್ಪನ ಪ್ರಸಾದ."

ತೇಜಸ್ ಗ್ಲಾಸು ತುಟಿಯ ಹತ್ತಿರ ತಂದ. ದೊಡ್ಡಮ್ಮ ಅದನ್ನು ಕಿತ್ತುಕೊಂಡು ಹೋಗಿ ಅಂಗಳಕ್ಕೆ ಸುರಿದರು.

"ಸತ್ತವು ಕುಡಿಯುದಿಲ್ಲೆ. ಇದ್ ಯಾರ ಹೊಟ್ಟೆಗೆ ಹೋದುತ ಗೊತ್ತುಟ್ಟು ನಂಗೆ."

ಮಂಜೇಶನ ಮುಖ ಕಪ್ಪಿಟ್ಟಿತು. "ಹಿರಿಯರಿಗೆ ಸಿಟ್ಟ್ ಬಂದರೆ ಈ ಮನೆ ಉಳಿಯುದಿಲ್ಲೆ ಅತ್ತಿಗೆ!"

"ಬರ್ಲಿ," ಎಂದರು ದೊಡ್ಡಮ್ಮ. "ಅವ್ಕಿಂತ ಮೊದ್ಲೇ ನಂಗೆ ಬಂದುಟ್ಟು."