ಮುಸ್ಸಂಜೆಗೆ ಕಾಣದ ಮಕ್ಕಳು

1982ರಲ್ಲಿ ನಾನು ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ನೇತ್ರವೈದ್ಯೆಯಾಗಿದ್ದೆ. ಆ ಬೇಸಿಗೆಯಲ್ಲಿ ಖಾನಾಪುರದ ಕಡೆಯ ಇಟ್ಟಿಗೆ ಭಟ್ಟಿಯೊಂದರಿಂದ ಶಾಂತವ್ವ ಎಂಬ ಕೂಲಿ ಹೆಂಗಸು ತನ್ನ ನಾಲ್ಕು ವರ್ಷದ ಮಗಳು ನೀಲಾಳನ್ನು ಹೊತ್ತು ತಂದಳು. ಮಗುವಿಗೆ ಆಗಷ್ಟೇ ದಡಾರ ಬಂದು ಇಳಿದಿತ್ತು. ಮುಖವನ್ನು ಬೆಳಕಿಗೆ ತಿರುಗಿಸಿದರೆ ಚೀರುತ್ತಿತ್ತು. ರೆಪ್ಪೆ ಬಿಡಿಸಿ ನೋಡಿದೆ. ಎಡಗಣ್ಣಿನ ಕಾರ್ನಿಯಾ, ಅಂದರೆ ಕರಿಗುಡ್ಡೆಯ ಮುಂದಿನ ಪಾರದರ್ಶಕ ಪದರ, ಕರಗಿಹೋಗಿತ್ತು. ಬಲಗಣ್ಣು ಒಣಗಿ ಮಂಕಾಗಿತ್ತು.

ಇದಕ್ಕೆ ಕೆರಾಟೊಮಲೇಸಿಯಾ ಎನ್ನುತ್ತೇವೆ. ಹಾಲು, ಸೊಪ್ಪು, ಹಣ್ಣು ಸಿಗದೆ ಮೈಯಲ್ಲಿ ಎ ಜೀವಸತ್ವ ಬರಿದಾದ ಮಗುವಿಗೆ ದಡಾರ ಬಂದರೆ ನೋಡನೋಡುತ್ತಲೇ ಕಣ್ಣು ಹೋಗಿಬಿಡುತ್ತದೆ.

"ಏನ್ ಉಣ್ಣಾಕ ಕೊಡ್ತಿದ್ದಿ?" ಎಂದು ಕೇಳಿದೆ.

"ರೊಟ್ಟಿ, ಖಾರಾರೀ. ದಡಾರ ಬಂದಾಗಿಂದ ಬರೇ ಗಂಜಿ ನೀರು."

ಕೂಡಲೇ ವಿಟಮಿನ್ ಕೊಟ್ಟು ವಾರ್ಡಿಗೆ ಸೇರಿಸಿಕೊಂಡೆ. ಮರುದಿನ ಅವಳ ಗಂಡ ಯಲ್ಲಪ್ಪ ಬಂದ. "ಇಬ್ಬರನ್ನೂ ಕಳಸ್ರಿ ಬಾಯಾರ. ಇಕಿ ಮಣ್ಣು ತುಳಿಯಾಕ ಬರದಿದ್ರ ಗುಡಿಸಲಾ ಖಾಲಿ ಮಾಡಸ್ತೇನಿ ಅಂತಾನ ಕೂಲಿಯವ್ರನ್ನ ನೋಡ್ಕೊಳ್ಳೋ ಮುಕಾದಮ."

"ಈಗ ಕರಕೊಂಡ್ ಹೋದ್ರ ಇನ್ನೊಂದು ಕಣ್ಣೂ ಉಳಿಯೂದಿಲ್ಲ" ಎಂದೆ.

ಅವನು ಮಗಳ ಕಡೆ ನೋಡಿ, ಮೆಲ್ಲಗೆ, "ಸಣ್ಣಾವನ ಮೈಯೂ ಸುಡಾಕತ್ತೈತ್ರಿ" ಎಂದ. ಎರಡು ವರ್ಷದ ಮಗ ಪರಶ್ಯಾ ಪಕ್ಕದ ಗುಡಿಸಲಿನ ಮುದುಕಿಯ ಹತ್ತಿರ ಇದ್ದನಂತೆ. ಇವತ್ತೇ ಕರೆತಾ ಎಂದು ಅವನನ್ನು ಕಳಿಸಿದೆ. ಅವನು ತಿರುಗಿ ಬರಲಿಲ್ಲ.

ಎರಡು ದಿನ ಕಾದು, ರಜೆ ಹಾಕಿ, ನಾನೇ ಖಾನಾಪುರದ ಬಸ್ ಹತ್ತಿದೆ. ಯಲ್ಲಪ್ಪ ಗುಡಿಸಲಿನ ಮುಂದೆ ಕೂತಿದ್ದ. ನನ್ನನ್ನು ಕಂಡು ಏಳಲೂ ಇಲ್ಲ. "ನಾ ಬರೂದ್ರಾಗ ಮುಗದಿತ್ರಿ" ಎಂದ. ಭಟ್ಟಿಯ ಹಿಂದೆ ಹಸಿ ಮಣ್ಣಿನ ಪುಟ್ಟ ಗುಡ್ಡೆಯ ಮೇಲೆ, ನಾಯಿ ಕೆದರದಂತೆ, ಮುಳ್ಳು ಹೇರಿದ್ದರು.

ಪರಶ್ಯಾನನ್ನು ನೋಡಿಕೊಂಡಿದ್ದ ಮುದುಕಿ ಇನ್ನೊಂದು ಮಾತು ಹೇಳಿದಳು. "ಹೊತ್ತು ಮುಳುಗಿತಂದ್ರ ನಮ್ಮ ಹುಡುಗ್ರು ಕುಂತಲ್ಲೇ ಕುಂದರ್ತಾವ್ರಿ. ಭಟ್ಟಿ ಹೊಗಿಗೆ ಹಂಗ ಆಗ್ತೈತಿ."

ಅದು ಹೊಗೆಯ ಕೆಲಸವಲ್ಲ, ಇರುಳುಗುರುಡು, ಎ ಜೀವಸತ್ವದ ಕೊರತೆಯ ಮೊದಲ ಗುರುತು. ಸಂಜೆಯವರೆಗೆ ಅಲ್ಲೇ ಉಳಿದೆ. ಬೆಳಕು ಇಳಿಯುತ್ತಲೇ ಕೈಯಲ್ಲಿ ಪೆಪ್ಪರಮಿಂಟು ಹಿಡಿದು ಮಕ್ಕಳನ್ನು ಕರೆದೆ. ಮಧ್ಯಾಹ್ನ ಇಟ್ಟಿಗೆ ಸಾಲುಗಳ ನಡುವೆ ಓಡಾಡುತ್ತಿದ್ದ ಮಕ್ಕಳು ಈಗ ಎರಡೂ ಕೈ ಮುಂದೆ ಚಾಚಿ, ನನ್ನ ದನಿ ಬಂದ ಕಡೆಗೆ ತಡವರಿಸುತ್ತ ಬಂದರು. ಒಬ್ಬ ಹುಡುಗಿ ಇಟ್ಟಿಗೆ ರಾಶಿಗೆ ಹಣೆ ಬಡಿಸಿಕೊಂಡಳು. ಅವರ ತಾಯಂದಿರು ನೋಡುತ್ತಿದ್ದರು.

ಮಕ್ಕಳಿಗೆ ಊಟ ಕೊಡಿಸಿ ಎಂದು ಭಟ್ಟಿಯ ಮಾಲೀಕರನ್ನು ಕೇಳಿದೆ. "ಅವರು ಈ ಊರಾವ್ರಲ್ರಿ. ಮಳಿ ಬಂದ್ರ ಹೊಂಟ ಹೋಗ್ತಾರ" ಎಂದರು. ಅಂಗನವಾಡಿಯ ಆಹಾರ ಕೇಳಲು ಹೋದ ಕಚೇರಿಯಲ್ಲೂ ಅದೇ ಉತ್ತರ ಸಿಕ್ಕಿತು. "ಮಳೆ ಬರೋತನಕ ಅವು ಏನು ತಿನ್ನಬೇಕು ಸಾಹೇಬ್ರ?" ಎಂದು ಕೇಳಿ ಅಲ್ಲೇ ಕುರ್ಚಿಯಲ್ಲಿ ಕೂತೆ. ನಾನು ಏಳುವುದಿಲ್ಲವೆಂದು ಖಾತ್ರಿಯಾದ ಮೇಲೆ ಅಧಿಕಾರಿ ಒಪ್ಪಿದರು. ಮುಂದಿನ ವಾರದಿಂದ ಭಟ್ಟಿಗೆ ಉಪ್ಪಿಟ್ಟು ಬರತೊಡಗಿತು, ದಿನಾಲೂ ಅಲ್ಲ. ನಾನು ಒಯ್ದ ವಿಟಮಿನ್ ದ್ರಾವಣವನ್ನು ಮಕ್ಕಳಿಗೆ ಚಮಚದಲ್ಲಿ ಕುಡಿಸಿದೆ. ಕೆಲವೇ ದಿನಗಳಲ್ಲಿ ಹೆಚ್ಚಿನವರಿಗೆ ಸಂಜೆಯಲ್ಲಿ ಕಾಣತೊಡಗಿತು.

ಮೊದಲ ದಿನ ಭಟ್ಟಿಯಿಂದ ಮರಳಿದೊಡನೆ ಪರಶ್ಯಾ ಹೋದ ಸುದ್ದಿಯನ್ನು ಶಾಂತವ್ವಳಿಗೆ ವಾರ್ಡಿನಲ್ಲಿ ನಾನೇ ಹೇಳಬೇಕಾಯಿತು. ಅವಳು ನೀಲಾಳ ತಲೆ ಸವರುತ್ತಾ, "ಇಕಿಗರ ಕಾಣ್ತೈತೇನ್ರಿ?" ಎಂದು ಕೇಳಿದಳು.

ಬಲಗಣ್ಣು ಉಳಿಯಿತು. ಬಿಡುಗಡೆಯಾದ ದಿನ ತಾಯಿ ಮಗಳು ಅದೇ ಭಟ್ಟಿಗೆ ಹೋದರು. ಬೇರೆ ಜಾಗ ಅವರಿಗಿರಲಿಲ್ಲ.

ಕಣ್ಣಿಗೆ ಔಷಧ ಹಾಕುವುದನ್ನು ಕಾಲೇಜಿನಲ್ಲಿ ಕಲಿತಿದ್ದೆ. ಮಗು ಯಾವ ಊರಿನದು ಎಂದು ಕೇಳುವ ಮೊದಲು ಅದಕ್ಕೆ ಉಣಬಡಿಸಬೇಕು ಎಂಬುದನ್ನು ಕಲಿಸಿದ್ದು ಆ ಭಟ್ಟಿ.