ಪಿಂಛಿ ಇಲ್ಲದ ಕೈ

ಕೊಡದ ಬಾಯಿಗೆ ಎರಡು ಪದರಿನ ಬಟ್ಟೆ ಹಿಡಿದು ನೀರು ಸೋಸುತ್ತಿದ್ದೆ. ಅಕ್ಕೋಳದ ಬಸದಿಯಿಂದ ವೈನಿ, ಅಣ್ಣನ ಹೆಂಡತಿ, ಫೋನಿಗೆ ಒಂದು ಫೋಟೋ ಕಳಿಸಿದರು. ನಮ್ಮ ಅಕ್ಕ ಹಲಗೆಯ ಮೇಲೆ ಕೂತಿದ್ದಾರೆ. ಅಂಚಿಲ್ಲದ ಬಿಳಿ ಸೀರೆ, ಪಕ್ಕದಲ್ಲಿ ಕಮಂಡಲ. ಕೈ ಮಾತ್ರ ಬರಿದು.

ಅಕ್ಕ ದೀಕ್ಷೆ ತೆಗೆದುಕೊಂಡು ಹನ್ನೊಂದು ವರ್ಷ. ಈಗ ನಮಗೂ ಅವರು ಮಾತಾಜಿ. ಕೂರುವ ಜಾಗದ ಇರುವೆಯನ್ನೂ ನೋಯಿಸದೆ ಸರಿಸಲು ನವಿಲುಗರಿಯ ಪಿಂಛಿ ಬೇಕು. ಅದಿಲ್ಲದೆ ಅವರು ಎದ್ದು ಓಡಾಡುವುದಿಲ್ಲ. ಕೈಯಲ್ಲಿ ಅದೇ ಇಲ್ಲವೆಂದರೆ? ಬಟ್ಟೆ ಜಾರಿ ಕೊಡದೊಳಗೆ ಬಿತ್ತು.

ಫೋನ್ ಮಾಡಿದೆ. "ವೈನಿ, ಅಕ್ಕ ಆರಾಮ ಅದಾರಿಲ್ರಿ? ಪಿಂಛಿ ಎಲ್ಲೈತಿ?"

ವೈನಿ ನಕ್ಕರು. "ಹುಚ್ಚಿ ಬೇ ನೀ! ಇವತ್ತ ಪಿಂಛಿ ಬದಲಿ ಮಾಡೂ ದಿವಸ. ಹಳೇದ ಕೊಟ್ಟು ಹೊಸಾದ ತಗೊಳ್ಳೂದ್ರಾಗ ಫೋಟೋ ಹೊಡದಾರ."

"ಮುಂದಿನ ಐತವಾರ ಅಂದಿದ್ಲಲ್ರಿ ನನ್ನ ಮಗಳು?"

ವೈನಿಯ ನಗು ನಿಂತಿತು.

ಹಳೆಯ ಪಿಂಛಿ ಹೋಗುವುದು ವ್ರತ ತೊಟ್ಟವರ ಕೈಗೆ. ದೊಡ್ಡವ್ವನ ದರ್ಶನ ಮಾಡಿ ಬರುತ್ತೇನೆ ಎಂದು ಮಗಳು ಬೆಳಿಗ್ಗೆ ಒಬ್ಬಳೇ ಹೋಗಿದ್ದಳು.

"ಹಳೇದ ಯಾರಿಗಿ ಕೊಟ್ರು, ವೈನಿ?"

"ನಾ ಎಷ್ಟ ಹೇಳಿದ್ನಿ ಯವ್ವಾ, ಅವ್ವನ್ನ ಕೇಳಂತ. ಲಗ್ನ ಆಗಾಂಗಿಲ್ಲಂತ ವ್ರತ ತಗೊಂಡ್ಳು. ಅಳಬ್ಯಾಡ, ಪುಣ್ಯೇದ ಕೆಲಸ ಐತಿ."

ಎರಡನೆಯ ಫೋಟೋ ಬಂತು. ಮಗಳು ಪಿಂಛಿಯನ್ನು ಎದೆಗೆ ಅವುಚಿಕೊಂಡು ನಿಂತಿದ್ದಾಳೆ. ನಾನು ಹೊಲಿಸಿಕೊಟ್ಟ ಅರಿಶಿನ ಬಣ್ಣದ ಚೂಡಿದಾರವಲ್ಲ, ಬಿಳಿ ಸೀರೆ. ನಿಪ್ಪಾಣಿಯ ವರನ ಕಡೆಯವರು ನೋಡಿಹೋದ ದಿನ ತೊಡಿಸಿದ ಹಸಿರು ಬಳೆ ಕೈಯಲ್ಲಿಲ್ಲ. ನಿಶ್ಚಯ ಮಾಡಲು ಅವರು ಗುರುವಾರ ಬರುವವರಿದ್ದರು.

ತಲೆ ಎತ್ತಿದರೆ ಗೋಡೆಯ ಮೇಲೆ ಅಕ್ಕನ ಮೂರು ಫೋಟೋ. ಮೊದಲನೆಯದರಲ್ಲಿ ಬಳೆ, ಮೂಗುತಿ, ಉದ್ದ ಜಡೆ ಎಲ್ಲ ಇವೆ. ಎರಡನೆಯದರಲ್ಲಿ ಬಿಳಿ ಸೀರೆ. ಬಳೆ, ಮೂಗುತಿ ಇಲ್ಲ. ಮೂರನೆಯದರಲ್ಲಿ ಜಡೆಯೂ ಇಲ್ಲ. ದಿನಾ ಕೈಮುಗಿದ ಫೋಟೋಗಳೇ. ಇವು ಒಂದರ ಹಿಂದೆ ಒಂದು ಬರುತ್ತವೆಂದು ಅಂದೇ ನನ್ನ ಕಣ್ಣಿಗೆ ಬಿದ್ದದ್ದು.

ಚಿಕ್ಕವಳಿದ್ದಾಗ ಮಗಳು ಕೇಳಿದ್ದಳು, "ಅವ್ವಾ, ನವಿಲಿಗಿ ನೋವಾಗಾಂಗಿಲ್ಲೇನ?" ತಾನಾಗಿ ಉದುರಿಸಿದ ಗರಿಯನ್ನಷ್ಟೇ ಆರಿಸುತ್ತಾರೆ ಎಂದು ಹೇಳಿದವಳು ನಾನೇ.

ಮಗಳ ಫೋಟೋವನ್ನು ಬೆರಳಿಂದ ದೊಡ್ಡದು ಮಾಡಿ ನೋಡಿದೆ. ಹೆಗಲ ಮೇಲೆ ಜಡೆ ಇತ್ತು. ಇದು ದೀಕ್ಷೆಯಲ್ಲ, ಬರೀ ವ್ರತ. ಅಕ್ಕ ಚೆನ್ನಾಗಿದ್ದಾರೆ. ಮಗಳು ಸಂಜೆಯ ಬಸ್ಸಿಗೆ ಮನೆಗೇ ಬರುತ್ತಾಳೆ. ಭಗವಂತ ಅಷ್ಟನ್ನು ಉಳಿಸಿದ್ದ. ಗೋಡೆಯ ಎರಡನೆಯ ಫೋಟೋದ ಕಡೆ ಮಾತ್ರ ಮತ್ತೆ ನೋಡಲಿಲ್ಲ.

ಬಟ್ಟೆ ಬಿದ್ದ ಕೊಡದ ನೀರನ್ನು ಮತ್ತೊಮ್ಮೆ ಸೋಸಿದೆ. ವ್ರತ ತೊಟ್ಟವಳು, ಹೊತ್ತು ಮುಳುಗುವುದರೊಳಗೆ ಅವಳ ಊಟ ಆಗಬೇಕು. ಎಸರಿಟ್ಟು ಜೋಳದ ಹಿಟ್ಟು ನಾದಲು ಕೂತೆ.